ಪ್ರವಾಸದ ಚಿತ್ರ ಊರು ಮುಟ್ಟಿದ ಬಗೆ

ತಿರುಗಾಟದಲ್ಲಿ ತೆಗೆದ ಚಿತ್ರಗಳನ್ನು ಊರು ಮುಟ್ಟುವ ತನಕ ಕಾಪಾಡಿಕೊಳ್ಳುವ ಚಿಂತೆ ಧಾರವಾಡ ಸೀಮೆಯಲ್ಲಿ ಡಿಜಿಟಲ್ ಕ್ಯಾಮೆರಾಕ್ಕಿಂತ ಬಹಳ ಹಳೆಯದು. 1855ರಲ್ಲಿ ಮುಂಬಯಿ ಸರ್ಕಾರ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ವಿಜಾಪುರ, ಬಾದಾಮಿ, ಐಹೊಳೆ ಕಡೆಯ ಹಳೆಯ ಕಟ್ಟಡಗಳ ಫೋಟೊ ತೆಗೆಯಲು ನೇಮಿಸಿತು. ವರ್ಷ ಮುಗಿಯುವಷ್ಟರಲ್ಲಿ ಅವನು ಸೈನ್ಯಕ್ಕೆ ಮರಳಬೇಕಾಯಿತು. ಕೆಲಸ ವೈದ್ಯ ವಿಲಿಯಂ ಹೆನ್ರಿ ಪಿಗೂನ ಕೈಗೆ ಹೋಯಿತು. ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಆಗ ಬಳಕೆಗೆ ಬರುತ್ತಿದ್ದ ಗಾಜಿನ ಫಲಕವನ್ನು ಹಸಿ ಆರುವ ಮೊದಲೇ, ಅಲ್ಲೇ ಡೇರೆ ಹಾಕಿ ತೊಳೆಯಬೇಕಿತ್ತು. ಬಂಡಿಯ ಕುಲುಕಾಟಕ್ಕೆ ಒಡೆಯುವ ಭಯ ಬೇರೆ. ಕಾಗದ ಹಗುರ, ಒಡೆಯುವುದಿಲ್ಲ. ಚಿತ್ರದ ಚೊಕ್ಕತನ ಸ್ವಲ್ಪ ಕಡಿಮೆಯಾದರೂ ದೂರದ ದಾರಿಗೆ ಅದೇ ಒಗ್ಗುತ್ತಿತ್ತು. ಬಿಗ್ಸ್, ಪಿಗೂ ಮತ್ತು ಎ.ಸಿ.ಬಿ. ನೀಲ್ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಸಂಪುಟವಾಗಿ ಹೊರಬಂದವು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ದಾರಿಯಲ್ಲಿ ತೆಗೆದ ಚಿತ್ರ ಓದುಗರ ಕೈ ಸೇರಲು ಸುಮಾರು ಹತ್ತು ವರ್ಷ ಹಿಡಿಯಿತು.

ರೀಲಿನ ಕಾಲದಲ್ಲಿ ನಕಲು ಮಾಡುವ ಪ್ರಶ್ನೆಯೇ ಇರಲಿಲ್ಲ. 36 ಚಿತ್ರ ಮುಗಿದರೆ ರೀಲು ಸುತ್ತಿ ಡಬ್ಬಿಗೆ ಹಾಕಿ, ಹೊಸದನ್ನು ತುಂಬಿ, ಊರಿಗೆ ಬಂದ ಮೇಲೆ ಸ್ಟುಡಿಯೊದಲ್ಲಿ ತೊಳೆಸುವುದು. ಹುಬ್ಬಳ್ಳಿಯಲ್ಲಿ ಅಚ್ಚಾಗುವ ದಿನಪತ್ರಿಕೆಗಳಿಗೆ ಸುತ್ತಲಿನ ತಾಲ್ಲೂಕುಗಳಿಂದ ಫೋಟೊಗಳು ಲಕೋಟೆಯೊಳಗೆ, ಬಸ್ ಕಂಡಕ್ಟರರ ಕೈಯಲ್ಲಿ ಬರುತ್ತಿದ್ದವು. ಬಸ್ ತಡವಾದರೆ ಫೋಟೊ ಮರುದಿನದ ಪುಟಕ್ಕೆ.

ಡಿಜಿಟಲ್ ಕ್ಯಾಮೆರಾ ಬಂದು ಈ ಕ್ರಮವನ್ನು ತಲೆಕೆಳಗು ಮಾಡಿತು. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಮಾದರಿ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಟೇಪಿನ ಜಾಗಕ್ಕೆ 1994ರಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್, 1999ರಲ್ಲಿ ಎಸ್‌ಡಿ ಕಾರ್ಡ್ ಬಂದವು. ರೀಲಿನಂತೆ ಒಂದರ ಹಿಂದೊಂದು ಕೊಳ್ಳುವಷ್ಟು ಕಾರ್ಡ್ ಅಗ್ಗವಿರಲಿಲ್ಲ. ಇರುವ ಒಂದೋ ಎರಡೋ ಕಾರ್ಡುಗಳನ್ನೇ ದಾರಿಯಲ್ಲಿ ಖಾಲಿ ಮಾಡಿ ಮತ್ತೆ ತುಂಬಬೇಕು. ಆರು ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರ ಸುಮಾರು 3 ಎಂಬಿ. 256 ಎಂಬಿ ಕಾರ್ಡಿನಲ್ಲಿ 80–90 ಚಿತ್ರ ಹಿಡಿದರೆ ಹೆಚ್ಚು. ಬಾದಾಮಿಯ ಗುಹೆಗಳನ್ನು ನೋಡಿ ಮುಗಿಸುವುದರೊಳಗೆ ಅಷ್ಟು ಮುಗಿಯುತ್ತದೆ, ಪಟ್ಟದಕಲ್ಲು ಐಹೊಳೆ ಇನ್ನೂ ಬಾಕಿ.

ಆಗ ಆಸರೆಯಾದದ್ದು ಸ್ಟುಡಿಯೊ ಮತ್ತು ಸೈಬರ್ ಕೆಫೆ. ಅಲ್ಲಿ ಸಿಡಿ ರೈಟ್ ಮಾಡಿಸಿದರೆ 700 ಎಂಬಿಯ ಒಂದು ಸಿಡಿಯಲ್ಲಿ ಎರಡೂವರೆ ಕಾರ್ಡಿನಷ್ಟು ಚಿತ್ರ ಕೂರುತ್ತಿತ್ತು. ಗೀರು ಬಿದ್ದು ಸಿಡಿ ಓದದೆ ಹೋಗುವುದು ಒಂದು ತೊಂದರೆ, ವೈರಸ್ ಇನ್ನೊಂದು. ಹತ್ತಾರು ಜನರ ಪೆನ್‌ಡ್ರೈವ್ ಕಂಡ ಕಂಪ್ಯೂಟರಿಗೆ ಕಾರ್ಡ್ ಹಾಕಿ ತೆಗೆದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ ಕೊಟ್ಟವರಿಗೆ ಈ ಕಾಟ ಕಡಿಮೆ. ಆ ಗುಂಡಿ ಇರುವುದೇ ಗೊತ್ತಿಲ್ಲದವರು ಹೆಚ್ಚು.

ಕಂಪ್ಯೂಟರಿನ ಹಂಗಿಲ್ಲದೆ ಕಾರ್ಡ್ ಖಾಲಿ ಮಾಡುವ ಉಪಕರಣಗಳೂ ಇದೇ ಹೊತ್ತಿಗೆ ಹುಟ್ಟಿದವು. 2004ರ ಎಪ್ಸನ್ ಪಿ-2000 ಪೆಟ್ಟಿಗೆಯಲ್ಲಿ 40 ಜಿಬಿ ಹಾರ್ಡ್‌ಡಿಸ್ಕ್, ಚಿತ್ರ ನೋಡಲು 3.8 ಇಂಚಿನ ಪರದೆ, ಕಾರ್ಡ್ ತೂರಿಸಲು ಸಂದು ಇದ್ದವು. ಮರುವರ್ಷ ಆಪಲ್ ಕಂಪನಿ ಐಪಾಡ್‌ಗೆ ಕ್ಯಾಮೆರಾ ಜೋಡಿಸುವ ಕೊಂಡಿಯನ್ನು ಮಾರಾಟಕ್ಕೆ ತಂದಿತು. ಜಾಣ ಉಪಾಯಗಳೇ ಸರಿ, ಆದರೆ ಸಾಮಾನ್ಯ ಪ್ರವಾಸಿಯ ಕಿಸೆಗೆ ನಿಲುಕುವ ಬೆಲೆಯಲ್ಲ. ಬ್ಯಾಟರಿ ಇಳಿದರೆ ಚಾರ್ಜಿಗೆ ಲಾಡ್ಜಿನ ಕರೆಂಟನ್ನೇ ನಂಬಬೇಕು.

ಕೊನೆಗೆ ಈ ಕೆಲಸ ಸೇರಿದ್ದು ಎಲ್ಲರ ಕೈಯಲ್ಲೂ ಇದ್ದ ಫೋನಿಗೆ. ಕಂಪ್ಯೂಟರ್ ಇಲ್ಲದೆ ಒಂದು ಉಪಕರಣ ಇನ್ನೊಂದರೊಡನೆ ಮಾತಾಡುವ ಒಟಿಜಿ ವ್ಯವಸ್ಥೆ ರೂಪುಗೊಂಡದ್ದು 2001ರಲ್ಲಿ. ಆಂಡ್ರಾಯ್ಡ್‌ಗೆ ಅದು ದಕ್ಕಿದ್ದು 2011ರಲ್ಲಿ. ಬೆರಳುದ್ದದ ಕೇಬಲ್, ಅದಕ್ಕೊಂದು ಕಾರ್ಡ್ ರೀಡರ್, ಅಷ್ಟೆ. ಯಾವ ಕಂಪನಿಯ ಕ್ಯಾಮೆರಾ ಆದರೂ ಫೋನ್ ಚಿತ್ರಗಳನ್ನು ಹುಡುಕಿಕೊಳ್ಳುವುದಕ್ಕೆ 1998ರ ಜಪಾನಿ ನಿಯಮವೊಂದು ಕಾರಣ. ಚಿತ್ರಗಳೆಲ್ಲ ಡಿಸಿಐಎಂ ಎಂಬ ಫೋಲ್ಡರಿನಲ್ಲೇ ಇರಬೇಕು, ಕಡತದ ಹೆಸರಲ್ಲಿ ನಾಲ್ಕು ಅಕ್ಷರದ ನಂತರ ನಾಲ್ಕು ಅಂಕಿ ಬರಬೇಕು ಎಂದು ಅದು ಗೊತ್ತುಮಾಡಿತು. ಇದರಿಂದಲೇ ಒಂದು ತೊಡಕೂ ಹುಟ್ಟಿತು. ಎಣಿಕೆ 9999 ದಾಟಿದರೆ ಮತ್ತೆ 0001. ಒಂದೇ ಕಂಪನಿಯ ಎರಡು ಕ್ಯಾಮೆರಾಗಳಲ್ಲಿ ಲಗ್ನ ಹಿಡಿದವರು ಎರಡನ್ನೂ ಒಂದೇ ಫೋಲ್ಡರಿಗೆ ಸುರಿದರೆ ಹೆಸರಿಗೆ ಹೆಸರು ತಾಕುತ್ತದೆ. ಹಳೆಯದರ ಮೇಲೆ ಬರೆಯಲೇ ಎಂಬ ಪ್ರಶ್ನೆಗೆ ಗಡಿಬಿಡಿಯಲ್ಲಿ ಹೂಂ ಎಂದರೆ ಅಕ್ಷತೆಯ ಚಿತ್ರ ಹೋಗಿ ಊಟದ ಪಂಕ್ತಿ ಉಳಿಯುತ್ತದೆ. 64 ಜಿಬಿ ಕಾರ್ಡ್‌ ಬಂದಾಗ ಬೇರೊಂದು ತೊಡಕು ಎದುರಾಯಿತು. ಅದರ ಹೊಸ ಬಗೆಯ ಕಡತ ವ್ಯವಸ್ಥೆ ಎಷ್ಟೋ ಅಗ್ಗದ ಫೋನುಗಳಿಗೆ ತಿಳಿಯದೆ, ಕಾರ್ಡ್ ಫಾರ್ಮ್ಯಾಟ್ ಮಾಡಿ ಎಂದು ಕೇಳುತ್ತಿದ್ದವು.

ವೈಫೈ, ಬ್ಲೂಟೂತ್ ಇರುವ ಕ್ಯಾಮೆರಾಗಳು ಕೇಬಲ್ಲನ್ನೂ ತಪ್ಪಿಸಿದವು. ಆದರೆ 2016ರಲ್ಲಿ ಬಂದ ನಿಕಾನ್‌ನ ಸ್ನ್ಯಾಪ್‌ಬ್ರಿಜ್ ತಾನಾಗಿ ಕಳಿಸುವುದು 2 ಮೆಗಾಪಿಕ್ಸೆಲ್‌ಗೆ ಇಳಿಸಿದ ಪ್ರತಿಯನ್ನು. ವಾಟ್ಸ್‌ಆ್ಯಪಿಗೆ ಅದು ಸಾಕು, ಆಲ್ಬಮ್ಮಿಗೆ ಸಾಲದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಕಂಡಕ್ಟರರ ಕೈಯ ಲಕೋಟೆ ಪೂರ್ತಿ ಮರೆಯಾಯಿತು. ಸಭೆ ಮುಗಿಯುವ ಮೊದಲೇ ಅದರ ಚಿತ್ರ ಪತ್ರಿಕೆಯ ಕಚೇರಿಯಲ್ಲಿರುತ್ತದೆ. ವೃತ್ತಿಯವರ ಕ್ಯಾಮೆರಾಗಳಲ್ಲಿ ಈಗ ಎರಡು ಕಾರ್ಡಿಗೆ ಜಾಗವಿದ್ದು, ಒತ್ತಿದ ಕ್ಷಣವೇ ಚಿತ್ರ ಎರಡರಲ್ಲೂ ದಾಖಲಾಗುತ್ತದೆ. ಒಂದೇ ಕಾರ್ಡಿನ ಕ್ಯಾಮೆರಾ ಹಿಡಿದು ದಾಂಡೇಲಿಗೋ ಹಂಪಿಗೋ ಹೊರಟವರಿಗೆ ಎರಡನೆಯ ಪ್ರತಿ ಇಂದಿಗೂ ಫೋನಿನಲ್ಲೇ.