ಟೀವಿ ಮೊದಲ ಬಂದದ್ದು ನಮ್ಮ ಹಳ್ಳಿಗೆ

ರಿಮೋಟಿನ ಸಲುವಾಗಿ ಹುಡುಗರು ಜಗಳಾ ತಗದಾಗೆಲ್ಲಾ ನಾ ಹೇಳೋದಿಷ್ಟ: ಕರ್ನಾಟಕದಾಗ ಟೀವಿ ಮೊದಲ ಬಂದದ್ದು ಬೆಂಗಳೂರಿಗಲ್ಲ, ನಮ್ಮ ಕಡೆ ಹಳ್ಳಿಗೆ. ಖರೇನ ರೀ.

1975ರ ಆಗಸ್ಟ್ 1ಕ್ಕ ‘ಸೈಟ್’ ಅನ್ನೋ ಪ್ರಯೋಗ ಶುರುವಾತು. ಉಪಗ್ರಹ ಅಮೆರಿಕದ ನಾಸಾದ್ದು, ಇಲ್ಲಿ ಓಡ್ಯಾಡಿದವರು ನಮ್ಮ ಇಸ್ರೋದವರು. ಆರು ರಾಜ್ಯದ ಸುಮಾರು 2,400 ಹಳ್ಳಿಯೊಳಗ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲಾದವೂ ಇದ್ದವು. ಊರಿಗೊಂದು ಟೀವಿ, ಅದಕ್ಕೊಂದು ಜಾಳಿಗಿ ತಂತಿಯ ದೊಡ್ಡ ಆಂಟೆನಾ. ಮುಂಜಾನೆ ಸಾಲಿ ಹುಡುಗರಿಗೆ ಪಾಠ. ಸಂಜೀಕ ಒಕ್ಕಲತನ, ಆರೋಗ್ಯ, ಹಾಡು-ಕುಣಿತ, ಸುದ್ದಿ. ಆಗ ತುರ್ತು ಪರಿಸ್ಥಿತಿ. ಸುದ್ದಿ ಅಂದ್ರ ಸರ್ಕಾರ ಹೇಳಿದ್ದ ಸುದ್ದಿ.

1976ರ ಜುಲೈ 31ಕ್ಕ ಪ್ರಯೋಗ ಮುಗೀತು, ಉಪಗ್ರಹಾನ ನಾಸಾದವರು ತಮ್ಮ ಕಡೆ ಸರಿಸಿಕೊಂಡ್ರು. 1977ಕ್ಕ ಗುಲ್ಬರ್ಗಾಕ್ಕ ಟ್ರಾನ್ಸ್‌ಮಿಟರ್ ಬಂತು, ಅದು ಮುಟ್ಟೋ ಹಳ್ಳಿಗೆ ಟೀವಿ ಉಳೀತು. ದೂರದ ಹಳ್ಳಿಯವರು ಕೊಟ್ಟು ಕಸಗೊಂಡಂಗ ಕೂತರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ಕ್ಕ.

ಈಗ ಮನಿಗೊಂದು ಟೀವಿ, ಚಾನೆಲ್ ನೂರಾರು, ರಾತ್ರಿಯೆಲ್ಲಾ ಚೀರಾಟ. ತೊಗರಿಗೆ ಹುಳಾ ಬಿದ್ದ ಸುದ್ದಿ ಮಾತ್ರ ಹುಡುಕ್ಯಾಡಿ ನೋಡಬೇಕು. ನಿಮ್ಮ ಊರಾಗ ಹಿರಿಯರು ಇದ್ದರ ಆ ಒಂದು ವರ್ಷದ ಟೀವಿ ಬಗ್ಗೆ ಕೇಳಿ ಬರದಿಡ್ರಿ. ಆ ನೆನಪು ಇದ್ದವರು ಕಡಿಮಿ ಆಗ್ಲಿಕತ್ತಾರ.