ಮೊಹಲ್ಲಾ, ಪುರಂ, ಕೊಪ್ಪಲು: ಮೈಸೂರಲ್ಲಿ ಬಾಡಿಗೆ ಮನೆ ಹುಡುಕೋ ಮುಂಚೆ

ಬೆಂಗಳೂರು ಸಾಕಾಗಿ ಮೈಸೂರಿಗೆ ಶಿಫ್ಟ್ ಆಗೋಣ ಅಂತ ಲೆಕ್ಕ ಹಾಕ್ತಿರೋರಿಗೆ ಈ ಎಪಿಸೋಡ್. ನಿಮ್ಮಲ್ಲಿ ತುಂಬಾ ಜನ ಕೇಳೋದು ಒಂದೇ: "ಗುರು, ಬಾಡಿಗೆಗೆ ಯಾವ ಏರಿಯಾ ಚೆನ್ನಾಗಿದೆ?" ನಾನು ಬ್ರೋಕರ್ ಅಲ್ಲ. ಆದರೆ ಈ ಊರಲ್ಲಿ ಮನೆ ಹುಡುಕಿ ಅಲೆದವನು. ಅಲೆಯುವಾಗ ಒಂದು ವಿಷಯ ಹೊಳೀತು. ಇಲ್ಲಿ ಏರಿಯಾ ಹೆಸರಿನ ಬಾಲ ನೋಡಿದರೆ ಸಾಕು, ಅದರ ವಯಸ್ಸು ಹೇಳಬಹುದು. ವಯಸ್ಸು ಗೊತ್ತಾದರೆ ರಸ್ತೆ ಎಷ್ಟು ಅಗಲ, ನೀರು ಎಲ್ಲಿಂದ, ಓನರ್ ಏನೇನು ಕೇಳ್ತಾರೆ ಅನ್ನೋದೂ ಅರ್ಧ ಗೊತ್ತಾದ ಹಾಗೆ.

ಹಳೇದು ಮೊಹಲ್ಲಾ. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮತ್ತೆ ಮೈಸೂರಿಗೆ ಬಂತು. ಕೋಟೆ ಸುತ್ತ ಊರು ಬೆಳೀತು. ಲಷ್ಕರ್ ಅಂದರೆ ಸೈನ್ಯ, ಮಂಡಿ ಅಂದರೆ ಸಗಟು ವ್ಯಾಪಾರದ ಜಾಗ. ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ ಅನ್ನೋ ಹೆಸರಲ್ಲೇ ಆ ಕಾಲದ ಕಸುಬು ಇದೆ. ಮನೆಗೆ ಮನೆ ಅಂಟಿಕೊಂಡಿರುತ್ತೆ, ಕಾರು ನಿಲ್ಲಿಸೋಕೆ ಜಾಗ ಇರಲ್ಲ. ಆದರೆ ರಾತ್ರಿ ಹನ್ನೊಂದಕ್ಕೂ ಟೀ ಸಿಗುತ್ತೆ.

ಆಮೇಲೆ ಬಂತು ಪ್ಲೇಗು. ಕತೆ ತಿರುಗೋದು ಇಲ್ಲೇ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು, ಸ್ವಲ್ಪ ದಿನಕ್ಕೇ ಮೈಸೂರಿಗೂ. ಮನೆ ಖಾಲಿ ಮಾಡಿಸಿದರು, ಬಿಸಿಲು ಬೀಳಲಿ ಅಂತ ಹೆಂಚು ತೆಗೆಸಿದರು, ಜನರನ್ನು ಊರಾಚೆ ಶೆಡ್‌ಗಳಿಗೆ ಕಳಿಸಿದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ಇದರ ವಿರುದ್ಧ ದಂಗೆಯನ್ನೇ ಎದ್ದರು. ಸರ್ಕಾರಕ್ಕೆ ಅನಿಸಿದ್ದು: ಇಕ್ಕಟ್ಟಾದ ಗಲ್ಲಿಯೇ ರೋಗದ ಮೂಲ. ಹಾಗಾಗಿ 1903ರಲ್ಲಿ ಮೈಸೂರು ನಗರ ಸುಧಾರಣೆಗೆ ಅಂತಲೇ ಒಂದು ಕಾಯ್ದೆ ಬಂತು, ಅದರಡಿ ಒಂದು ಟ್ರಸ್ಟ್ ಬೋರ್ಡ್. 1980ರ ದಶಕದ ಕೊನೆಯಲ್ಲಿ ಅದರ ಜಾಗಕ್ಕೆ 'ಮುಡಾ' ಬಂತು. ಹೌದು, ಸೈಟ್ ವಿಚಾರಕ್ಕೆ ನ್ಯೂಸಲ್ಲಿ ಬಂದ ಅದೇ ಮುಡಾ.

'ಪುರಂ'ಗಳು ಈ ಕಾಲದ ಬೆಳೆ. ಚಾಮರಾಜಪುರಂಗೆ ರಾಜರ ಹೆಸರು, ಕೃಷ್ಣಮೂರ್ತಿಪುರಂಗೆ ಆಗಿನ ದಿವಾನ ಪಿ.ಎನ್. ಕೃಷ್ಣಮೂರ್ತಿಯವರ ಹೆಸರು. ನೇರ ರಸ್ತೆ, ಮನೆ ಮುಂದೆ ಕಾಂಪೌಂಡು, ಗಾಳಿ ಬೆಳಕು. ಇವತ್ತಿಗೂ ಸಂಜೆ ಅಲ್ಲಿ ನಡೆದರೆ "ಇಲ್ಲೇ ಇದ್ದುಬಿಡೋಣ" ಅನಿಸುತ್ತೆ.

ಈಗ ಮನೆ ಹಿಂದಕ್ಕೆ ಹೋಗಿ. ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಕಿರಿದಾದ ಓಣಿ ಇರುತ್ತೆ. ಮೈಸೂರಿನವರು ಅದಕ್ಕೆ 'ಕನ್ಸರ್ವೆನ್ಸಿ' ಅಂತಾರೆ. ಈಗ ಅಲ್ಲಿ ಬೈಕ್ ನಿಲ್ಲಿಸ್ತಾರೆ, ಔಟ್‌ಹೌಸ್ ಕಟ್ಟಿ ಬಾಡಿಗೆಗೆ ಕೊಡ್ತಾರೆ. ಆದರೆ ಅದನ್ನು ಬಿಟ್ಟಿದ್ದು ಯಾಕೆ? ಮಲ ಹೊರುವ ಜನ ಮುಂಬಾಗಿಲ ಕಡೆ ಕಾಣದ ಹಾಗೆ ಹಿಂದಿನಿಂದ ಬಂದು, ಬಕೆಟ್ ತುಂಬಿಕೊಂಡು, ಹಿಂದಿನಿಂದಲೇ ಹೋಗಲಿ ಅಂತ. ಗಾಳಿ ಬೆಳಕಿನ ಆ ಪ್ಲಾನ್ ಒಳಗೇ ಜಾತಿಗೂ ಒಂದು ರಸ್ತೆ ಎಳೆದಿದ್ದರು. ಮಲ ಹೊರೋ ಪದ್ಧತಿ ನಿಷೇಧ ಆಗೋಕೆ 1970ರ ದಶಕದ ತನಕ ಕಾಯಬೇಕಾಯ್ತು. ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ.

ಇದೇ ಊರಲ್ಲಿ ಇನ್ನೊಂದು ಪುರಂ ಇತ್ತು: ಆದಿಕರ್ನಾಟಕಪುರಂ. ಬೇರೆ ಪುರಂಗಳಿಗೆ ರಾಜರ, ದಿವಾನರ ಹೆಸರು, ಇದಕ್ಕೆ ಮಾತ್ರ ಅಲ್ಲಿದ್ದವರ ಜಾತಿಯ ಹೆಸರು. ಈಗ ಅದು ಅಶೋಕಪುರಂ. ಚಾಮರಾಜಪುರಂ ಸ್ಟೇಷನ್ ದಾಟಿ ನಂಜನಗೂಡು ಕಡೆ ಹೊರಟರೆ ಮುಂದೆಯೇ ಸಿಗುತ್ತೆ, ಬೆಂಗಳೂರಿನ ಕೆಲವು ರೈಲು ಈಗ ಅಲ್ಲಿತನಕ ಹೋಗ್ತವೆ. ಕೃಷ್ಣಮೂರ್ತಿಪುರಂನಿಂದ ನಡೆದೇ ಹೋಗಬಹುದು. ಅಷ್ಟು ಹತ್ತಿರ, ಆದರೂ ಬ್ರೋಕರ್ ಬಾಯಲ್ಲಿ ಎರಡೂ ಬೇರೆ ಬೇರೆ ಲೋಕ.

ಇದೆಲ್ಲಾ ಹಳೇ ಕತೆ, ನಮಗ್ಯಾಕೆ ಅಂತೀರಾ? ಒಂದು ಪುರಂನಲ್ಲಿ ನಾನು ಮನೆ ನೋಡಿ, ಅಡ್ವಾನ್ಸ್ ಮಾತಾಡಿ, ಕೀ ಯಾವಾಗ ಅಂತ ಕೇಳ್ತಿದ್ದೆ. ಓನರ್ ಆಂಟಿ ತುಂಬಾ ಒಳ್ಳೆಯವರ ಥರಾನೇ ಕಾಫಿ ಕೊಟ್ಟರು. ಆಮೇಲೆ, "ತಪ್ಪು ತಿಳ್ಕೋಬೇಡಪ್ಪ, ನೀವು ಯಾವ ಪೈಕಿ?" ನಾನು ಹೇಳಿದೆ. "ಮಗನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀನಿ" ಅಂದರು. ಫೋನ್ ಬರಲಿಲ್ಲ. ಟು ಲೆಟ್ ಬೋರ್ಡ್ ಮಾತ್ರ ತಿಂಗಳಾದರೂ ಗೇಟಲ್ಲೇ ನೇತಾಡ್ತಿತ್ತು. "ವೆಜ್ ಓನ್ಲಿ" ಅನ್ನೋದು ಅಡುಗೆಮನೆ ವಾಸನೆಯ ವಿಷಯ ಅಂತ ನಂಬೋಕೆ ನನಗೆ ಇನ್ನು ಆಗಲ್ಲ. ಮೊಟ್ಟೆಯನ್ನೂ ಮುಟ್ಟದ ನನ್ನ ಫ್ರೆಂಡ್‌ಗೂ ಇದೇ ಆಯ್ತು.

'ಕೊಪ್ಪಲು', 'ಹಳ್ಳಿ' ಅನ್ನೋ ಬಾಲ ಇದ್ದರೆ ಅದು ಮೊದಲು ಹಳ್ಳಿ, ಊರು ಬೆಳೆದು ಅದನ್ನ ನುಂಗಿದೆ. ಒಂಟಿಕೊಪ್ಪಲು, ಕುಂಬಾರಕೊಪ್ಪಲು, ಪಡುವಾರಹಳ್ಳಿ. ಪಡುವಾರಹಳ್ಳಿ ಪಕ್ಕಕ್ಕೇ 1960ರಲ್ಲಿ ಮಾನಸಗಂಗೋತ್ರಿ ಬಂದಿದ್ದರಿಂದ ಸ್ಟೂಡೆಂಟ್ ರೂಮುಗಳು ಅಲ್ಲಿ ದಂಡಿ. ರೂಮು ಚಿಕ್ಕದು, ಪ್ರಶ್ನೆ ಕಡಿಮೆ. ನಾನು ಕೊನೆಗೆ ಸೇರಿದ್ದು ಅಲ್ಲಿಗೇ.

'ನಗರ' ಅಂತ ಕೊನೆಯಾದರೆ ಹೆಚ್ಚಾಗಿ ಸ್ವಾತಂತ್ರ್ಯ ಬಂದ ನಂತರದ್ದು, ಜೊತೆಗೆ ಸ್ಟೇಜು, ಬ್ಲಾಕು ಅಂತ ನಂಬರು. ಅಂದಹಾಗೆ ಕುವೆಂಪು ಇದ್ದದ್ದು ಕುವೆಂಪುನಗರದಲ್ಲಿ ಅಲ್ಲ. ಅವರ 'ಉದಯರವಿ' ಇರೋದು ಒಂಟಿಕೊಪ್ಪಲಲ್ಲಿ. ಸೆಲ್ಫಿಗೆ ತಪ್ಪು ಏರಿಯಾಗೆ ಹೋಗಬೇಡಿ.

ರಿಂಗ್ ರೋಡ್ ಆಚೆ ಹೊಸ ಲೇಔಟ್‌ಗಳಲ್ಲಿ ಹೆಸರಿನ ಬಾಲ ಉಪಯೋಗಕ್ಕೆ ಬರಲ್ಲ, ಬಿಲ್ಡರ್‌ಗೆ ತೋಚಿದ್ದೇ ಹೆಸರು. ಅಲ್ಲಿ ಕೇಳಬೇಕಾದ್ದು: ಇದು ಯಾರ ವ್ಯಾಪ್ತಿ? ಮಹಾನಗರ ಪಾಲಿಕೆಯಾ, ಬೇರೆ ಸ್ಥಳೀಯ ಸಂಸ್ಥೆಯಾ? ಲೇಔಟನ್ನು ಅವರಿಗೆ ಹಸ್ತಾಂತರ ಮಾಡಿದ್ದಾರಾ? ಮಾಡದಿದ್ದರೆ ಕಸಕ್ಕೂ ಬೀದಿದೀಪಕ್ಕೂ ಯಾರನ್ನ ಹಿಡೀಬೇಕು ಅಂತಲೇ ಗೊತ್ತಾಗಲ್ಲ. ನಲ್ಲೀಲಿ ಬರೋದು ಕಾವೇರಿನಾ ಬೋರ್‌ವೆಲ್ಲಾ ಅಂತ ಓನರನ್ನ ಕೇಳಬೇಡಿ, ಪಕ್ಕದ ಮನೆಯವರನ್ನ ಕೇಳಿ. ಬಾಡಿಗೆ ಬದಲು ಭೋಗ್ಯಕ್ಕೆ ಕೊಡ್ತೀನಿ ಅಂದರೆ ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿಕೊಳ್ಳಿ. ಬಿ.ಕಾಂ. ಓದಿದ್ದಕ್ಕೆ ಇಷ್ಟಾದರೂ ಹೇಳಬೇಕಲ್ವಾ.

ಮುಂದಿನ ಎಪಿಸೋಡ್‌ಗೆ ನಿಮ್ಮ ವಾಯ್ಸ್ ನೋಟ್ ಬೇಕು. ಮೈಸೂರಲ್ಲೋ ಬೇರೆ ಊರಲ್ಲೋ, ಮನೆ ಇಷ್ಟ ಆಗಿ, ದುಡ್ಡೂ ರೆಡಿ ಇದ್ದು, ಆ ಒಂದು ಪ್ರಶ್ನೆ ಆದ್ಮೇಲೆ ಫೋನ್ ಬರದೇ ಇದ್ದೋರು ಕಳಿಸಿ. ಓನರ್ ಹೆಸರು ಬೇಡ, ಮನೆ ನಂಬರೂ ಬೇಡ. ಏರಿಯಾ ಹೆಸರು, ಕೇಳಿದ ಪ್ರಶ್ನೆ, ಅಷ್ಟು ಸಾಕು.