ತೆರೆಯ ಮೇಲಿನ ಕೀಲಿಮಣೆ ಮತ್ತು ಕನ್ನಡದ ವಿರಳಾಕ್ಷರಗಳು

ಹಸ್ತಪ್ರತಿಯನ್ನಾಗಲಿ ಮೌಖಿಕ ಪಠ್ಯವನ್ನಾಗಲಿ ಗಣಕಕ್ಕೆ ಇಳಿಸುವಾಗ ಬರೆಯುವ ಸಾಧನವು ಗೌಣ ಸಂಗತಿಯಲ್ಲ. ಸಾಧನದಲ್ಲಿ ಕಾಣದ ಅಕ್ಷರದ ಬದಲಿಗೆ ಕೈಗೆ ಸಿಕ್ಕ ಅಕ್ಷರವನ್ನೇ ಬಳಸುವ ರೂಢಿ ಬೆಳೆಯುತ್ತದೆ. ಪಾಠಭೇದವೊಂದು ಹೀಗೆಯೇ ಹುಟ್ಟಿಕೊಳ್ಳುತ್ತದೆ.

ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ವಿನ್ಯಾಸವು ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕನ್ನಡ ವರ್ಣಮಾಲೆಗೆ ನೆಲೆ ಕಲ್ಪಿಸಿತು. ಅಲ್ಪಪ್ರಾಣ, ಮಹಾಪ್ರಾಣಗಳು ಒಂದೇ ಕೀಲಿಯನ್ನು ಹಂಚಿಕೊಂಡವು. ಒತ್ತಕ್ಷರಕ್ಕೆ ‘ಎಫ್’ ಕೀಲಿ ನೆರವಾಯಿತು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಗಣಕ ಬರವಣಿಗೆಯನ್ನು ವ್ಯಾಪಕಗೊಳಿಸಿದವು. ಆದರೂ ಕೀಲಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷ್ ಅಕ್ಷರಗಳೇ. ನಿತ್ಯ ಬಳಸುವ ಅಕ್ಷರಗಳ ಸ್ಥಾನ ನೆನಪಿನಲ್ಲಿ ಉಳಿದೀತು. ಹಳಗನ್ನಡದ ಱ, ೞಗಳ ಸ್ಥಾನ ಉಳಿಯುವುದು ಕಷ್ಟ.

1991ರ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಅಲ್ಲಿ ೞಕಾರಕ್ಕೆ ತಪ್ಪಾಗಿ ‘ಫ’ ಎಂಬರ್ಥದ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಸಂಕೇತಪಟ್ಟಿಯಲ್ಲಿ ಸ್ಥಾನ ದೊರೆತರೂ ಅಕ್ಷರವು ಬರೆಯುವವರ ಕಣ್ಣಿಗೆ ಬೀಳಬೇಕಾದರೆ ತೆರೆಯ ಮೇಲಿನ ಕೀಲಿಮಣೆಯೇ ಸುಲಭ ಮಾರ್ಗ.

ಇಂತಹ ಕೀಲಿಮಣೆಯುಳ್ಳ ತಂತ್ರಾಂಶವನ್ನು ರಚಿಸಲು ಜಾಲತಾಣ ನಿರ್ಮಾಣದ ಭಾಷೆಗಳೇ ಈಗ ಸಾಕಾಗುತ್ತವೆ. 2013ರಲ್ಲಿ ಗಿಟ್‌ಹಬ್ ಸಂಸ್ಥೆಯಲ್ಲಿ ‘ಆಟಮ್ ಶೆಲ್’ ಎಂದು ಆರಂಭವಾಗಿ 2015ರಲ್ಲಿ ‘ಎಲೆಕ್ಟ್ರಾನ್’ ಎಂದು ಮರುನಾಮಕರಣಗೊಂಡ ಚೌಕಟ್ಟು, ಕ್ರೋಮಿಯಂ ಮತ್ತು ನೋಡ್ ಜೆಎಸ್‌ಗಳನ್ನು ಒಂದುಗೂಡಿಸಿದೆ. ಎಚ್‌ಟಿಎಂಎಲ್‌ನಲ್ಲಿ ಗುಂಡಿಗಳು, ಸಿಎಸ್‌ಎಸ್‌ನಲ್ಲಿ ಅವುಗಳ ರೂಪ, ಜಾವಾಸ್ಕ್ರಿಪ್ಟ್‌ನಲ್ಲಿ ಅವುಗಳ ವರ್ತನೆ ನಿರ್ಧಾರವಾಗುತ್ತವೆ. ಅಕ್ಷರವಿನ್ಯಾಸದ ಫಾಂಟನ್ನು ತಂತ್ರಾಂಶದೊಳಗೇ ಇಡಬಹುದಾದ್ದರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಪಠ್ಯ ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತದೆ. ಪ್ರತಿ ತಂತ್ರಾಂಶವೂ ತನ್ನದೇ ಕ್ರೋಮಿಯಂ ಪ್ರತಿಯನ್ನು ಹೊರುವುದರಿಂದ ಗಣಕದ ಸ್ಮೃತಿಗೆ ಮಾತ್ರ ಭಾರವಾಗುತ್ತದೆ.

ನಿಜವಾದ ತೊಡಕು ಲಿಪಿಯ ಸ್ವಭಾವದಲ್ಲಿದೆ. ‘ಕ್ಷ’ ಕಣ್ಣಿಗೆ ಒಂದಾದರೂ ಕಡತದಲ್ಲಿ ಮೂರು ಸಂಕೇತಗಳು. ಅಳಿಸುವ ಗುಂಡಿ ಇಡೀ ಗುಣಿತವನ್ನು ತೆಗೆಯಬೇಕೋ, ಕೊನೆಯ ಸಂಕೇತವನ್ನು ಮಾತ್ರವೋ ಎಂಬುದನ್ನು ರಚಿಸುವವರೇ ನಿರ್ಧರಿಸಬೇಕು. ‘ರ‍್ಯಾಂಕ್’ ಎಂದು ಬರೆಯಲು ಬೇಕಾದ ಅದೃಶ್ಯ ಸಂಕೇತಕ್ಕೂ ಕಾಣುವಂತಹ ಗುಂಡಿ ಬೇಕು. 2024ರಲ್ಲಿ ಯೂನಿಕೋಡ್ ಸೇರಿದ ತುಳು-ತಿಗಳಾರಿ ಲಿಪಿಯಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಅದರ ಪ್ರತಿ ಅಕ್ಷರವನ್ನೂ ಜಾವಾಸ್ಕ್ರಿಪ್ಟ್ ಎರಡು ಘಟಕಗಳಾಗಿ ಎಣಿಸುವುದರಿಂದ ಅಜಾಗರೂಕ ರಚನೆಯಲ್ಲಿ ಅರ್ಧ ಅಕ್ಷರ ಅಳಿದು ಪಠ್ಯವೇ ಕೆಡುತ್ತದೆ.

ಆದ್ದರಿಂದ ಯಾವ ಅಕ್ಷರಕ್ಕೆ ಗುಂಡಿ ಇರಬೇಕೆಂಬುದು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ, ಗ್ರಂಥಸಂಪಾದನೆಯ ಪ್ರಶ್ನೆಯೂ ಹೌದು. ಗುಂಡಿಗಳ ಪಟ್ಟಿ ಸಿದ್ಧವಾಗುವ ಹಂತದಲ್ಲಿಯೇ ಹಸ್ತಪ್ರತಿ ಬಲ್ಲವರು, ಕ್ಷೇತ್ರಕಾರ್ಯ ಮಾಡಿದವರು ಪಾಲ್ಗೊಂಡರೆ ವಿರಳಾಕ್ಷರಗಳು ಮುಂದಿನ ಸಂಶೋಧಕರಿಗೆ ಯಥಾರೂಪದಲ್ಲಿ ದೊರೆಯುತ್ತವೆ.